ಕಾರ್ಡು ತಿರುಗಿಸುತ್ತಾ ಪಟ್ಟಿ ನೇಯಲು ಕಲಿತದ್ದು

ನಾರ್ವೆಯ ಓಸೆಬರ್ಗ್ ಎಂಬಲ್ಲಿ 1904ರಲ್ಲಿ ಒಂದು ಮಣ್ಣಿನ ದಿಬ್ಬ ಅಗೆದಾಗ ಒಳಗೆ ಇಡೀ ಹಡಗೇ ಸಿಕ್ಕಿತು. ಕ್ರಿ.ಶ. 834ರಲ್ಲಿ ಇಬ್ಬರು ಹೆಂಗಸರನ್ನು ಆ ಹಡಗಿನಲ್ಲಿಟ್ಟು ಮಣ್ಣು ಮಾಡಿದ್ದರು. ಅವರ ಜೊತೆಗಿಟ್ಟ ಸಾಮಾನುಗಳ ನಡುವೆ ಮರದ 52 ತೆಳು ಬಿಲ್ಲೆಗಳಿದ್ದವು. ತೂತುಗಳಲ್ಲಿ ಪೋಣಿಸಿದ ನೂಲು ಹಾಗೇ ಇತ್ತು, ಅರ್ಧ ನೇಯ್ದ ಪಟ್ಟಿಯೂ ಇತ್ತು. ಇದನ್ನು ಓದಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಮಗ್ಗವಿಲ್ಲದೆ, ಬರೀ ಬಿಲ್ಲೆಗಳಿಂದ ಚಿತ್ತಾರದ ಪಟ್ಟಿ ಹೇಗೆ ನೇಯುತ್ತಾರೆ ಅಂತ ಕೈಯಾರೆ ಮಾಡಿ ನೋಡಬೇಕು ಅನ್ನಿಸಿತು.

ಬೇಕಾಗುವುದು ತೀರಾ ಕಡಿಮೆ. ಹಿಂದಿನವರು ಬಿಲ್ಲೆಗೆ ಮರ, ಮೂಳೆ, ಕೊಂಬು, ತೊಗಲು ಬಳಸುತ್ತಿದ್ದರು. ನಾನು ಹಳೆಯ ಇಸ್ಪೀಟು ಎಲೆಗಳನ್ನು ಚೌಕಕ್ಕೆ ಕತ್ತರಿಸಿ, ನಾಲ್ಕು ಮೂಲೆಗೂ ಒಂದೊಂದು ತೂತು ಹಾಕಿ, ತೂತುಗಳಿಗೆ ಅ, ಆ, ಇ, ಈ ಅಂತ ಬರೆದುಕೊಂಡೆ. ಮೂಲೆಗಳನ್ನು ಸ್ವಲ್ಪ ಗುಂಡಗೆ ಮಾಡಿದರೆ ತಿರುಗಿಸುವಾಗ ನೂಲಿಗೆ ಸಿಕ್ಕಿಕೊಳ್ಳುವುದಿಲ್ಲ. ನೂಲು ಮಾತ್ರ ನುಣುಪಾಗಿರಬೇಕು. ಕ್ರೋಶಾ ಹಾಕುವ ಹತ್ತಿ ದಾರ ಚೆನ್ನಾಗಿ ಒಗ್ಗುತ್ತದೆ. ರೋಮ ಎದ್ದ ಉಣ್ಣೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಹಿಗ್ಗುವ ಸ್ವೆಟರ್ ದಾರದಲ್ಲಿ ಬಿಗಿ ನಿಲ್ಲುವುದಿಲ್ಲ.

ಒಂದೊಂದು ಕಾರ್ಡಿಗೂ ನಾಲ್ಕು ಎಳೆ. ಇಪ್ಪತ್ತು ಕಾರ್ಡು ಅಂದರೆ 80 ಎಳೆ. ಪೋಣಿಸುವ ಕೆಲಸ ನಿಧಾನ, ಅದಕ್ಕೆ ಬಿಡುವಾಗಿ ಕೂರಬೇಕು. ಆಮೇಲೆ ಹಾಸಿನ (ಉದ್ದಕ್ಕೆ ಎಳೆದು ಕಟ್ಟುವ ಈ ಎಳೆಗಳ) ಒಂದು ತುದಿಯನ್ನು ಕಿಟಕಿ ಸರಳಿಗೂ ಇನ್ನೊಂದನ್ನು ಸೊಂಟದ ಬೆಲ್ಟಿಗೂ ಕಟ್ಟಿದೆ. ಬಿಗಿ ಬೇಕಾದರೆ ಹಿಂದಕ್ಕೆ ವಾಲಿದರಾಯಿತು, ಸಡಿಲ ಬೇಕಾದರೆ ಮುಂದಕ್ಕೆ. ಮೈಯೇ ಮಗ್ಗದ ಅರ್ಧ ಕೆಲಸ ಮಾಡುತ್ತದೆ. ಬಿಗಿ ಎಷ್ಟಿರಬೇಕು ಅನ್ನುವುದು ಹೀಗೆ ಸೊಂಟಕ್ಕೆ ಕಟ್ಟಿಕೊಂಡರೇ ತಿಳಿಯುವುದು. ಅದಕ್ಕೇ ಹೊಸಬರಿಗೆ ಶುರುವಿನಲ್ಲೇ ಮಗ್ಗ ಕೊಳ್ಳಬೇಡಿ ಅಂತ ಹೇಳುತ್ತೇನೆ.

ಎಲ್ಲಾ ಕಾರ್ಡುಗಳನ್ನೂ ಒಟ್ಟಿಗೆ ಹಿಡಿದು ಕಾಲು ಸುತ್ತು ತಿರುಗಿಸಿದರೆ ಮೇಲಿನ ಎರಡು ಎಳೆಗೂ ಕೆಳಗಿನ ಎರಡು ಎಳೆಗೂ ನಡುವೆ ಸಂದು ಬಿಡುತ್ತದೆ. ಆ ಸಂದಿನಲ್ಲಿ ಹೊಕ್ಕು, ಅಂದರೆ ಅಡ್ಡ ಹೋಗುವ ನೂಲು, ತೂರಿಸಬೇಕು. ಮತ್ತೆ ಕಾಲು ಸುತ್ತು, ಹೊಸ ಸಂದು. ಅಲ್ಲಿ ಸ್ಕೇಲಿನ ಅಂಚಿನಿಂದ ಒತ್ತಿ ಹೊಡೆದು, ಹೊಕ್ಕನ್ನು ವಾಪಸ್ಸು ತೂರಿಸುವುದು. ಅಷ್ಟೇ ಕೆಲಸ. ಆದರೆ ಒಳಗೆ ಆಗುತ್ತಿರುವುದು ಬೇರೆ. ಕಾರ್ಡು ತಿರುಗಿದಂತೆಲ್ಲ ಅದರ ನಾಲ್ಕು ಎಳೆಗಳು ಹುರಿಯಾಗಿ ಹೊಸೆದುಕೊಳ್ಳುತ್ತವೆ. ಅಕ್ಕಪಕ್ಕದ ಹುರಿಗಳನ್ನು ಹೊಕ್ಕು ಒಳಗೊಳಗೇ ಬಿಗಿದು ಹಿಡಿಯುತ್ತದೆ. ಹೊರಗೆ ಹೊಕ್ಕು ಕಾಣುವುದು ಎರಡೂ ಅಂಚಿನಲ್ಲಿ ಮಾತ್ರ. ಹಾಗಾಗಿ ಅಂಚಿನ ಕಾರ್ಡಿನ ಬಣ್ಣವನ್ನೇ ಹೊಕ್ಕಿಗೂ ಆರಿಸಿದರೆ ಅದು ಪೂರ್ತಿ ಮರೆಯಾಗುತ್ತದೆ. ಇಂಥ ಪಟ್ಟಿ ಎಷ್ಟು ಗಟ್ಟಿ ಅಂದರೆ ಸೊಂಟಪಟ್ಟಿ, ಕುದುರೆ ಜೀನಿನ ಪಟ್ಟಿಗಳಿಗೂ ಇದನ್ನೇ ಬಳಸುತ್ತಿದ್ದರು.

ಅಂಚು ನೇರ ಬರಲು ಒಂದು ಉಪಾಯವಿದೆ. ಹೊಕ್ಕನ್ನು ಕೂಡಲೇ ಬಿಗಿಯಾಗಿ ಎಳೆಯಬೇಡಿ. ಅಂಚಿನಲ್ಲಿ ಚಿಕ್ಕ ಕುಣಿಕೆ ಬಿಡಿ. ಮುಂದಿನ ಸುತ್ತು ತಿರುಗಿಸಿ, ಹೊಡೆದು, ಆಮೇಲೆ ಆ ಕುಣಿಕೆಯನ್ನು ಎಳೆದು ಕೂರಿಸಿ. ಆಗ ಅಂಚಿನ ಹುರಿ ತನ್ನ ಜಾಗದಲ್ಲಿ ಕೂತಿರುತ್ತದೆ, ಎಷ್ಟು ಎಳೆಯಬೇಕು ಅಂತ ಬೆರಳಿಗೇ ಗೊತ್ತಾಗುತ್ತದೆ.

ಇನ್ನು ಚಿತ್ತಾರ. ಕಾರ್ಡಿನಲ್ಲಿ ಮೂರು ಬಿಳಿ, ಒಂದು ಕೆಂಪು ಎಳೆ ಇಟ್ಟುಕೊಳ್ಳಿ. ಮೊದಲ ಕಾರ್ಡಿನಲ್ಲಿ ಕೆಂಪು ಅ ತೂತಿಗೆ, ಮುಂದಿನದರಲ್ಲಿ ಆ ತೂತಿಗೆ, ಆಮೇಲೆ ಇ, ಈ. ತಿರುಗಿಸುತ್ತಾ ಹೋದರೆ ಕೆಂಪು ಗೆರೆ ಓರೆಯಾಗಿ ನಡೆಯುತ್ತದೆ. ಪಟ್ಟಿಯ ಇನ್ನರ್ಧದಲ್ಲಿ ಇದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಪೋಣಿಸಿದರೆ ಎರಡು ಓರೆಗೆರೆ ನಡುವೆ ಕೂಡಿ ಬಾಣದ ಮೊನೆ ಮೂಡುತ್ತದೆ. ಎಳೆಯನ್ನು ಕಾರ್ಡಿನ ಎಡಗಡೆಯಿಂದ ತೂರಿಸಿದೆವೋ ಬಲಗಡೆಯಿಂದಲೋ ಎಂಬುದೂ ಮುಖ್ಯ. ಹುರಿ ಯಾವ ಕಡೆ ವಾಲುತ್ತದೆ ಎಂಬುದು ಅದರ ಮೇಲೆ ನಿಂತಿದೆ. ಹುರಿಯ ವಾಲೂ ಗೆರೆಯ ವಾಲೂ ಒಂದೇ ಆದರೆ ಗೆರೆ ನುಣ್ಣಗೆ ಬರುತ್ತದೆ, ಬೇರೆಯಾದರೆ ಹಲ್ಲುಹಲ್ಲಾಗುತ್ತದೆ. ಸರಿಪಡಿಸಲು ನೂಲು ಬಿಚ್ಚಬೇಕಿಲ್ಲ. ಪುಸ್ತಕದ ಹಾಳೆ ಮಗುಚಿದ ಹಾಗೆ ಕಾರ್ಡನ್ನು ನಿಂತಲ್ಲೇ ಮಗುಚಿ, ಕೆಂಪು ಎಳೆ ಮೊದಲಿದ್ದ ಜಾಗಕ್ಕೇ ಬರುವ ಹಾಗೆ ತಿರುಗಿಸಿಟ್ಟರೆ ಸಾಕು.

ನನಗೆ ಇಡೀ ಕಸುಬು ತೆರೆದುಕೊಂಡದ್ದು ಕಾರ್ಡುಗಳನ್ನು ಹಿಮ್ಮುಖವಾಗಿ ತಿರುಗಿಸಿದಾಗ. ಒಂದೇ ಕಡೆ ತಿರುಗಿಸುತ್ತಿದ್ದರೆ ಕಾರ್ಡುಗಳ ಆಚೆ ಬದಿಯ ನೂಲಿನಲ್ಲೂ ಹುರಿ ತುಂಬುತ್ತದೆ, ಕೊನೆಗೆ ಕಾರ್ಡು ಅಲ್ಲಾಡುವುದೇ ಇಲ್ಲ. ಹಿಮ್ಮುಖ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಅದೇ ಹೊತ್ತಿಗೆ ಚಿತ್ತಾರವೂ ತಲೆಕೆಳಗಾಗಿ, ಬಾಣದ ಮೊನೆಗಳು ಎದುರುಬದುರಾಗಿ ವಜ್ರದ ಆಕಾರ ಹುಟ್ಟುತ್ತದೆ. ಹುರಿಯ ವಾಲೂ ಗೆರೆಯ ಜೊತೆಗೇ ಬದಲಾಗುವುದರಿಂದ ಗೆರೆ ಮುಂಚಿನಷ್ಟೇ ನುಣುಪು! ಒಂದೇ ಹಾಸು, ಒಂದೇ ಪೋಣಿಕೆ. ಯಾವಾಗ ಮುಂದಕ್ಕೆ, ಯಾವಾಗ ಹಿಂದಕ್ಕೆ ಅನ್ನುವುದರಲ್ಲೇ ಹೊಸ ಹೊಸ ಚಿತ್ತಾರ. ಹಾಗಾಗಿ ಶುರುವಿನಲ್ಲಿ ನಕ್ಷೆಯ ಕಾಗದಕ್ಕೆ ಜಾಸ್ತಿ ಅಂಟಿಕೊಳ್ಳಬಾರದು ಅಂತ ನನ್ನ ಅಭಿಪ್ರಾಯ. ಒಂದು ಹಾಸನ್ನು ಪೂರ್ತಿ ಆಟಕ್ಕೇ ಬಿಡಿ.

ಇದು ಗೊತ್ತಾದ ಮೇಲೆ ಹಳೆಯ ಪಟ್ಟಿಗಳ ಫೋಟೋ ನೋಡುವ ರೀತಿಯೇ ಬದಲಾಯಿತು. ಹುರಿಗಳ ವಾಲು ನೋಡಿದರೆ ನೇಯ್ದವರು ಎಲ್ಲಿ ಹಿಮ್ಮುಖ ತಿರುಗಿಸಿದರು ಅಂತ ಹೇಳಬಹುದು. ಜರ್ಮನಿಯ ಹೊಕ್‌ಡೋರ್ಫ್ ಸಮಾಧಿಯಲ್ಲಿ ಸಿಕ್ಕ ಪಟ್ಟಿಗಳು ಕ್ರಿ.ಪೂ. 6ನೇ ಶತಮಾನದವು. ಅಷ್ಟು ಹಿಂದೆಯೇ ಕಾರ್ಡುಗಳನ್ನು ಗುಂಪುಗುಂಪಾಗಿ ತಿರುಗಿಸಿ ಬಿಡಿಸಿದ ಕಷ್ಟದ ಚಿತ್ತಾರಗಳು ಅವುಗಳಲ್ಲಿವೆ. ಭಾರದ ಕಲ್ಲು ಕಟ್ಟಿ ನಿಲ್ಲಿಸುವ ಮಗ್ಗಗಳಲ್ಲಿ ಬಟ್ಟೆಯ ಮೊದಲ ಅಂಚನ್ನೂ ಹೀಗೇ ನೇಯುತ್ತಿದ್ದರು. ಹೊಕ್ಕನ್ನು ಒಂದು ಕಡೆ ಉದ್ದುದ್ದ ಕುಣಿಕೆಯಾಗಿ ಎಳೆದು ಬಿಡುತ್ತಿದ್ದರು. ಪಟ್ಟಿಯ ಹೊಕ್ಕೇ ಬಟ್ಟೆಯ ಹಾಸಾಗುತ್ತಿತ್ತು. ಎಂಥ ಜಾಣತನ ಅಲ್ವಾ?

ಬರ್ಮಾದಲ್ಲಿ ತಾಳೆಗರಿ ಗ್ರಂಥಗಳಿಗೆ ಸುತ್ತಿ ಕಟ್ಟುವ ಉದ್ದದ ಪಟ್ಟಿಗಳನ್ನು ಇದೇ ರೀತಿ ನೇಯುತ್ತಿದ್ದರು. ದಾನ ಮಾಡಿದವರ ಹೆಸರು, ಅವರ ಪುಣ್ಯಕಾರ್ಯ, ಹಾರೈಕೆ ಎಲ್ಲವೂ ಅಕ್ಷರವಾಗಿ ಪಟ್ಟಿಯ ತುಂಬ. ಈಗ ನನ್ನ ಮನಸ್ಸು ಪೂರ್ತಿ ಅಲ್ಲೇ ಇದೆ. ಇದಕ್ಕೆ ಪ್ರತಿ ಕಾರ್ಡಿನಲ್ಲೂ ಎರಡು ಕಪ್ಪು, ಎರಡು ಬಿಳಿ ಎಳೆ ಬೇಕು. ಎರಡು ಸಲ ಮುಂದಕ್ಕೆ, ಎರಡು ಸಲ ಹಿಂದಕ್ಕೆ ತಿರುಗಿಸುತ್ತಿದ್ದರೆ ಒಂದು ಮುಖ ಬಿಳಿ, ಇನ್ನೊಂದು ಮುಖ ಕಪ್ಪು. ಅಕ್ಷರ ಬರಬೇಕಾದ ಕಾರ್ಡುಗಳನ್ನು ಮಾತ್ರ ಬೇರೆಯಾಗಿ ತಿರುಗಿಸಿ ಬಣ್ಣ ಅದಲುಬದಲು ಮಾಡಬೇಕು. ಕನ್ನಡದ ದುಂಡು ಅಕ್ಷರಗಳಿಗೆ ಇದು ಸುಲಭವಲ್ಲ. ‘ರ’, ‘ಠ’ ಚೆನ್ನಾಗಿ ಬಂದಿವೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಹಾಗಾಗಿ ಪಟ್ಟಿಯ ಅಗಲ ಹೆಚ್ಚಿಸಲು ಇನ್ನಷ್ಟು ಕಾರ್ಡು ಕತ್ತರಿಸುತ್ತಿದ್ದೇನೆ.