ಸ್ಪಿಂಡಲ್ ಬದಲಿಸದೆ ಹಳೆಯ ಡ್ರಿಲ್ಲಿಂಗ್ ಮೆಷಿನ್ ಸರಿಪಡಿಸಿದ ನನ್ನ ಅನುಭವ

ಗೋಣಿಕೊಪ್ಪಲಿನ ನನ್ನ ವರ್ಕ್‌ಶಾಪಿನಲ್ಲಿರುವ 20 ಮಿ.ಮೀ. ಪಿಲ್ಲರ್ ಡ್ರಿಲ್ಲಿಂಗ್ ಮೆಷಿನ್‌ನ ಸ್ಪಿಂಡಲ್ (ಬಿಟ್ಟನ್ನು ತಿರುಗಿಸುವ ಉದ್ದನೆಯ ದಂಡ) ಡೊಂಕಾಗಿದೆ, ಹೊಸದನ್ನು ಮಾಡಿಸದೆ ಗತಿಯಿಲ್ಲ ಎಂದು ನೋಡಿದವರೆಲ್ಲರೂ ಹೇಳಿದ್ದರು. ಅದೇ ಸ್ಪಿಂಡಲ್ ಈಗ ಎರಡು ಮಳೆಗಾಲಗಳನ್ನು ಕಳೆದು, ಕಾಫಿ ಹಂಗಾಮಿಗೆ ಮೊದಲು ಬರುವ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ರಿಪೇರಿಯ ಕೆಲಸವನ್ನೆಲ್ಲ ಮಾಡಿಕೊಟ್ಟು, ಇಂದಿಗೂ ಅಲುಗದೆ ತಿರುಗುತ್ತಿದೆ. ಇಂತಹ ಮೆಷಿನ್ ಕೈಯಲ್ಲಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ವರ್ಕ್‌ಶಾಪಿನಿಂದ ಸುಮಾರು ಹದಿನಾಲ್ಕು ಸಾವಿರ ರೂಪಾಯಿಗೆ ಇದನ್ನು ಕೊಂಡೆ. ಹುಣಸೂರು, ತಿತಿಮತಿ ಮಾರ್ಗವಾಗಿ ಪಿಕಪ್‌ನಲ್ಲಿ ತರಿಸಲು ಎರಡೂವರೆ ಸಾವಿರದಷ್ಟು ತಗುಲಿತು. ಆಗ ಇದೇ ಅಳತೆಯ ಹೊಸ ಮೆಷಿನ್‌ಗೆ ನಲವತ್ತು ಸಾವಿರದ ಆಸುಪಾಸು ಹೇಳುತ್ತಿದ್ದರು. ತಂದ ಮೇಲೆ ಕಂಡ ತೊಂದರೆಗಳಲ್ಲಿ ದೊಡ್ಡದು ರನ್‌ಔಟ್ ಅಥವಾ ಔಟ್, ಅಂದರೆ ತಿರುಗುವಾಗ ನಡುವಿನಿಂದ ಪಕ್ಕಕ್ಕೆ ಓಲಾಡುವುದು. ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕಿಗೆ ನೇರವಾದ 12 ಮಿ.ಮೀ. ಸರಳನ್ನು ಕಚ್ಚಿಸಿ, ಚಕ್ಕಿನಿಂದ ನೂರು ಮಿ.ಮೀ. ಕೆಳಗೆ ಡಯಲ್ (ಓಲಾಟ ಅಳೆಯುವ ಮುಳ್ಳಿನ ಮಾಪಕ) ಹಿಡಿದರೆ ಮುಳ್ಳು ಹತ್ತಿರಹತ್ತಿರ ಅರ್ಧ ಮಿ.ಮೀ. ಓಡುತ್ತಿತ್ತು. ಪ್ಲಮರ್ ಬ್ಲಾಕ್ (ಬೇರಿಂಗನ್ನು ಹಿಡಿದಿಡುವ ಪೀಠ) ಕೂರಿಸಲು 12ರ ಬಿಟ್ಟಿನಲ್ಲಿ ಕೊರೆದ ತೂತು ಹನ್ನೆರಡೂವರೆಯಾಗುತ್ತಿತ್ತು.

ಮೊದಲು ಚಕ್ಕನ್ನು ಬದಲಿಸಿದೆ. ಅದಕ್ಕೆ ಎರಡು ಸಾವಿರ ಹೋಯಿತು, ಔಟ್ ಸ್ವಲ್ಪ ಇಳಿಯಿತೇ ಹೊರತು ನಿಲ್ಲಲಿಲ್ಲ. ಬಳಿಕ ಸ್ಪಿಂಡಲಿನ ಕೆಳಗಿನ 6205 ನಂಬರಿನ ಬೇರಿಂಗ್ ಹೊಸದು ಹಾಕಿದೆ. ಸದ್ದು ಹೋಯಿತು, ಔಟ್ ಹಾಗೆಯೇ ಉಳಿಯಿತು. ಈ ಹಂತದಲ್ಲೇ ಲೇತ್ ಕೆಲಸದವರೊಬ್ಬರು ಸ್ಪಿಂಡಲ್ ಡೊಂಕೆಂದು ತೀರ್ಮಾನಿಸಿ, ಹೊಸದಕ್ಕೆ ಆರೇಳು ಸಾವಿರ ಹೇಳಿದ್ದು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಚಕ್ಕನ್ನು ಸ್ಪಿಂಡಲಿಗೆ ಸೇರಿಸುವ, ಎಂಟಿ-2 (ಎರಡನೇ ನಂಬರಿನ ಮೋರ್ಸ್ ಟೇಪರ್) ಅಳತೆಯಲ್ಲಿ ಸಣ್ಣದಾಗುತ್ತ ಹೋಗುವ ಆರ್ಬರಿನ ಬಾಲ ಚಪ್ಪಟೆಯಾಗಿರುವುದರಿಂದ ಅದು ಸ್ಪಿಂಡಲ್‌ನೊಳಗೆ ಎರಡೇ ರೀತಿಯಲ್ಲಿ ಕೂರುತ್ತದೆ. ಸ್ಪಿಂಡಲ್‌ಗೂ ಆರ್ಬರ್‌ಗೂ ಪೇಂಟಿನ ಗುರುತು ಹಾಕಿ, ಡಯಲ್ ಅತಿ ಹೆಚ್ಚು ತೋರಿಸುವ ಜಾಗವನ್ನು ಗುರುತಿಸಿಕೊಂಡು, ಆರ್ಬರನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ ನೋಡಬೇಕು. ಎತ್ತರದ ಜಾಗ ಆರ್ಬರಿನ ಜೊತೆ ತಿರುಗಿದರೆ ದೋಷ ಆರ್ಬರ್ ಅಥವಾ ಚಕ್ಕಿನದು, ನಿಂತಲ್ಲೇ ನಿಂತರೆ ಸ್ಪಿಂಡಲ್ ಕಡೆಯದು. ನನ್ನದರಲ್ಲಿ ನಿಂತಲ್ಲೇ ನಿಂತಿತು. ಆದರೆ ಸ್ಪಿಂಡಲ್ ಕಡೆಯದು ಎಂದ ಮಾತ್ರಕ್ಕೆ ಡೊಂಕು ಎಂದಾಗುವುದಿಲ್ಲ. ಸ್ಪಿಂಡಲನ್ನು ಪೂರ್ತಿ ಹೊರತೆಗೆದು, ಬೇರಿಂಗ್ ಕೂರುವ ಜಾಗಗಳನ್ನು ಬಿಟ್ಟು ನಯವಾದ ಭಾಗಗಳನ್ನು ಎರಡು ವಿ-ಬ್ಲಾಕ್‌ಗಳ (ವಿ ಆಕಾರದ ಕಚ್ಚಿರುವ ದಿಮ್ಮಿಗಳ) ಮೇಲಿಟ್ಟು ತಿರುಗಿಸಿದಾಗ ಉದ್ದಕ್ಕೂ ಎರಡು ಪಾಯಿಂಟಿಗಿಂತ, ಅಂದರೆ 0.02 ಮಿ.ಮೀ.ಗಿಂತ, ಹೆಚ್ಚು ಬರಲಿಲ್ಲ. ಸ್ಪಿಂಡಲ್ ನೇರವಾಗಿಯೇ ಇತ್ತು.

ದೋಷವಿದ್ದದ್ದು ಕೆಳಗಿನ ಬೇರಿಂಗ್ ಸೀಟಿನಲ್ಲಿ, ಅಂದರೆ ಸ್ಪಿಂಡಲಿನ ಮೇಲೆ ಬೇರಿಂಗ್ ಕೂರುವ ಜಾಗದಲ್ಲಿ. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದಾಗ, ಸೀಟಿನ ಒಂದು ಮಗ್ಗುಲಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ದೊಡ್ಡ ಸೆಂಟರ್ ಪಂಚ್ (ಚೂಪು ತುದಿಯ ಉಳಿ) ಗುರುತುಗಳು ಒತ್ತೊತ್ತಾಗಿ ಕಂಡವು. ಪ್ರತಿಯೊಂದು ಗುರುತಿನ ಅಂಚೂ ಉಬ್ಬಿ, ಉಬ್ಬಿದ ತುದಿ ಬೇರಿಂಗ್ ತಿಕ್ಕಿ ಹೊಳೆಯುತ್ತಿತ್ತು. ಬೇರಿಂಗ್ ಸಡಿಲವಾದಾಗ ಯಾರೋ ಪಂಚ್ ಹೊಡೆದು ಬಿಗಿ ಮಾಡಿದ್ದಾರೆ. ಆ ಉಬ್ಬು ಸ್ಪಿಂಡಲನ್ನು ಬೇರಿಂಗಿನ ನಡುವಿನಿಂದ ಒಂದು ಬದಿಗೆ ತಳ್ಳಿದ್ದರಿಂದ, ಎಷ್ಟು ಹೊಸ ಬೇರಿಂಗ್ ಹಾಕಿದರೂ ಔಟ್ ಹೋಗುವಂತಿರಲಿಲ್ಲ.

ಸೀಟಿಗೆ ವೆಲ್ಡಿಂಗ್ ತುಂಬಿ ತಿರುವಬಹುದೆಂದು ಹಲವರು ಸೂಚಿಸಿದರು. ಉದ್ದನೆಯ ಸ್ಪಿಂಡಲ್‌ಗೆ ಅಷ್ಟು ಶಾಖ ಕೊಟ್ಟರೆ ನೇರವಿದ್ದದ್ದು ನಿಜವಾಗಿಯೂ ಡೊಂಕಾಗುತ್ತದೆ ಎಂಬ ಕಾರಣಕ್ಕೆ ನಾನು ಅದಕ್ಕೆ ಕೈ ಹಾಕಲಿಲ್ಲ. ಉಬ್ಬುಗಳನ್ನು ಆಯಿಲ್ ಸ್ಟೋನಿನಲ್ಲಿ ಸವರಿ ತೆಗೆದು, ಸುತ್ತ ಹಿತ್ತಾಳೆಯ ಶಿಮ್ (ತೆಳು ತಗಡು) ಹಾಕಿ ನೋಡಿದೆ. ಕೆಲವು ದಿನ ಚೆನ್ನಾಗಿ ನಡೆದು, ಶಿಮ್ ತೆವಳಿ ಹೊರಗೆ ಬಂತು. ಕೊನೆಗೆ ಬೇರಿಂಗ್ ಕೂರಿಸಲೆಂದೇ ಸಿಗುವ ರಿಟೈನಿಂಗ್ ಕಾಂಪೌಂಡ್ ಎಂಬ ಅಂಟು ತರಿಸಿದೆ. ಸಣ್ಣ ಬಾಟಲಿಗೆ ಏಳೆಂಟು ನೂರು ಕೊಟ್ಟ ನೆನಪು. ಅಂಟಿನಲ್ಲಿ ಸ್ಪಿಂಡಲ್ ನಿಲ್ಲುತ್ತದೆಯೇ ಎಂದು ಕೇಳದವರಿಲ್ಲ. ಮುಂದೆ ಬೇರಿಂಗ್ ತೆಗೆಯಬೇಕಾದರೆ ಏನು ಮಾಡುತ್ತೀರಿ ಎಂದೂ ಕೇಳಿದರು. ಗ್ಯಾಸ್ ಟಾರ್ಚಿನಲ್ಲಿ ಚೆನ್ನಾಗಿ ಕಾಯಿಸಿದರೆ ಅದು ಹಿಡಿತ ಬಿಡುತ್ತದೆ, ಪುಲ್ಲರ್ ಹಾಕಿ ಎಳೆಯಬಹುದು.

ಸೀಟನ್ನೂ ಬೇರಿಂಗಿನ ಒಳಮೈಯನ್ನೂ ಅಸಿಟೋನಿನಲ್ಲಿ ಎಣ್ಣೆಯ ಪಸೆ ಇಲ್ಲದಂತೆ ಒರೆಸಬೇಕು, ಕಾಂಪೌಂಡ್ ಗುಂಡುಗಳ ಕಡೆಗೆ ಹರಿಯದಂತೆ ತೆಳುವಾಗಿ ಹಚ್ಚಬೇಕು. ಇದು ಗಾಳಿಯಾಡದ ಕಡೆ ಲೋಹದ ನಡುವೆ ಮಾತ್ರ ಗಟ್ಟಿಯಾಗುವುದರಿಂದ, ಹೊರಗೆ ಒಸರಿದ್ದು ಹಸಿಯಾಗಿಯೇ ಇರುತ್ತದೆ. ಅದನ್ನು ಕಂಡು ಒಳಗೂ ಒಣಗಿಲ್ಲವೆಂದು ಬಿಚ್ಚಬಾರದು. ನಮ್ಮ ಚಳಿಗೆ ಒಂದು ಪೂರ್ತಿ ದಿನ ಬಿಡುವುದು ಒಳ್ಳೆಯದು. ಸಡಿಲವಾದ ಸೀಟಿನಲ್ಲಿ ಬೇರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ. ಗಟ್ಟಿಯಾಗುವವರೆಗೆ ಅದನ್ನು ನಡುವಿನಲ್ಲಿ ಹಿಡಿದಿಡಲು ಸೀಟಿನ ಮೇಲೆ ಮೂರು ಕಡೆ ಸಮದೂರದಲ್ಲಿ ಒಂದೊಂದು ಪಟ್ಟಿ ಇಟ್ಟಿದ್ದೆ. ಆ ಪಟ್ಟಿ ಯಾವುದರದ್ದು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿದಿದೆ.

ಜೋಡಿಸಿದ ಮೇಲೆ ಅದೇ ಸರಳಿನಲ್ಲಿ, ಅದೇ ಎತ್ತರದಲ್ಲಿ ಐದಾರು ಪಾಯಿಂಟ್ ಬಂತು. ಹಳೆಯ ಮೆಷಿನ್‌ನಿಂದ ಇದಕ್ಕಿಂತ ಹೆಚ್ಚು ಕೇಳಲಾಗದು. ಡೊಂಕೆಂದು ತೀರ್ಮಾನಿಸಿದ್ದವರೇ ಬಂದು ಡಯಲ್ ಹಿಡಿದು ನೋಡಿದರು.

ಚಕ್ ಆಗಾಗ ಕಳಚಿ ಬೀಳುತ್ತಿದ್ದುದಕ್ಕೆ ಬ್ಲೂ ಮ್ಯಾಚಿಂಗ್ ಮಾಡಿದಾಗ, ಅಂದರೆ ನೀಲಿ ಬಣ್ಣ ಹಚ್ಚಿ ಎಲ್ಲೆಲ್ಲಿ ತಾಗುತ್ತದೆಂದು ನೋಡಿದಾಗ, ಆರ್ಬರ್ ಕೂರುವ ಟೇಪರ್ ಬಾಯಿಯ ಹತ್ತಿರ ಮಾತ್ರ ಹಿಡಿಯುತ್ತಿರುವುದು ಕಂಡಿತು. ಅರದಿಂದ ತಾಗಿಸಿ ಸ್ಪಿಂಡಲ್ ಹಾರ್ಡ್ ಅಲ್ಲವೆಂದು ಖಚಿತಮಾಡಿಕೊಂಡು, ಎಂಟಿ-2 ಫಿನಿಶಿಂಗ್ ರೀಮರನ್ನು (ತೂತಿನ ಒಳಮೈ ಸವರುವ ಉಪಕರಣ) ಕೈಯಲ್ಲೇ ಹಗುರವಾಗಿ ತಿರುಗಿಸಿದೆ. ಮೋಟಾರ್ ಬರೀ ಗುಂಯ್‌ಗುಟ್ಟುತ್ತ, ಕೈಯಿಂದ ತಿರುಗಿಸಿದರೆ ಮಾತ್ರ ಓಡುತ್ತಿದ್ದುದು ಮೋಟಾರನ್ನು ಸ್ಟಾರ್ಟ್ ಮಾಡಿಸುವ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಕಾಂಟ್ಯಾಕ್ಟ್ ಪಾಯಿಂಟಿಗೆ ಕಿಲುಬು ಹಿಡಿದದ್ದರಿಂದ. ಅದನ್ನು ಉಜ್ಜಿ, ಕೆಪಾಸಿಟರ್ ಬದಲಿಸಿದ್ದಕ್ಕೆ ಇನ್ನೂರು ರೂಪಾಯಿಯೂ ಆಗಲಿಲ್ಲ.

ತುಕ್ಕಿನ ವಿಷಯದಲ್ಲಿ ಒಂದು ಪ್ರಯೋಗ ಮಾಡಿದೆ. ಮನೆಯಲ್ಲಿ ಹಳೆಯ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ) ಉಳಿದಿತ್ತು. ನೀರು ಬೆರೆಸಿ ಅದರಲ್ಲಿ ಪಿನಿಯನ್ ಶಾಫ್ಟನ್ನೂ ಬೋಲ್ಟುಗಳನ್ನೂ ರಾತ್ರಿಯಿಡೀ ಮುಳುಗಿಸಿಟ್ಟಾಗ, ಬೆಳಿಗ್ಗೆ ತುಕ್ಕು ಕಪ್ಪು ಮಡ್ಡಿಯಾಗಿ ಬ್ರಷ್ಷಿಗೇ ಬಂದುಬಿಟ್ಟಿತು. ಆದರೆ ಪಂದಿಕರಿಗೆ ಬೇಕಾದ, ಅಷ್ಟು ಬೆಲೆಯ ಪದಾರ್ಥವನ್ನು ಕಬ್ಬಿಣಕ್ಕೆ ಸುರಿಯುವುದು ಸರಿಯಲ್ಲ. ಉಳಿದ ಭಾಗಗಳಿಗೆ ನಿಂಬೆ ಉಪ್ಪನ್ನು ಬಳಸಿದೆ, ಕೆಲಸ ಅಷ್ಟೇ ಚೆನ್ನಾಗಿ ಆಯಿತು. ಯಾವುದನ್ನು ಬಳಸಿದರೂ ಆಮೇಲೆ ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಹಚ್ಚಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬರಿಮೈಯ ಟೇಬಲ್ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ನಾನು ಕಂಬಕ್ಕೂ ಟೇಬಲ್ಲಿಗೂ ದಪ್ಪ ಎಣ್ಣೆ ಸವರಿ, ಮೆಷಿನ್ ಮೇಲೆ ಟಾರ್ಪಾಲ್ ಇಳಿಬಿಟ್ಟು, ಅದರೊಳಗೆ ಬಟ್ಟೆಗೆ ತಾಗದಂತೆ ಸಣ್ಣದೊಂದು ಹಳೆಯ ಕಾಲದ ಬಲ್ಬ್ ಉರಿಸಿಡುತ್ತೇನೆ. ಎಲ್‌ಇಡಿ ಇದಕ್ಕೆ ಪ್ರಯೋಜನವಿಲ್ಲ, ಬೇಕಾದದ್ದು ಶಾಖ.

ಎಲ್ಲ ಸೇರಿ ರಿಪೇರಿಗೆ ಐದು ಸಾವಿರದ ಒಳಗೆ ಮುಗಿಯಿತು. ಮೆಷಿನ್ ಬೆಲೆ, ಪಿಕಪ್ ಬಾಡಿಗೆ ಸೇರಿಸಿದರೆ ಇಪ್ಪತ್ತೊಂದೂವರೆ ಸಾವಿರವಾಗಿರಬಹುದು. ಕ್ವಿಲ್ (ಸ್ಪಿಂಡಲನ್ನು ಹೊತ್ತು ಮೇಲೆ ಕೆಳಗೆ ಚಲಿಸುವ ಕೊಳವೆ) ಮೇಲಕ್ಕೆಳೆಯುವ ಸ್ಪ್ರಿಂಗ್ ಮಾತ್ರ ಇನ್ನೂ ಸೋತಂತಿದೆ, ಈ ಬಾರಿಯ ಪಲ್ಪರ್ ಕೆಲಸ ಶುರುವಾಗುವ ಮೊದಲು ಅದನ್ನು ಬದಲಿಸಬೇಕು.