ಅರ್ಜಿ ಮೊದಲು, ದಾಖಲೆ ಆಮೇಲೆ: ಜರ್ಮನಿಯ ಕಚೇರಿಗಳ ಜೊತೆ ನನ್ನ ಅನುಭವ

ಜರ್ಮನಿಯಲ್ಲಿ ನನ್ನ ಬ್ಲೂ ಕಾರ್ಡಿನ, ಅಂದರೆ ಇಲ್ಲಿದ್ದು ಕೆಲಸ ಮಾಡುವ ಪರವಾನಗಿಯ, ಅವಧಿ ಮುಗಿಯುತ್ತಾ ಬಂದಿತ್ತು. ನವೀಕರಣಕ್ಕೆ ವಿದೇಶಿಯರ ಕಚೇರಿಯಲ್ಲಿ ‘ಟೆರ್ಮಿನ್’ ಬೇಕು, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಸಮಯ. ಅದಿಲ್ಲದೆ ಹೋದವರನ್ನು ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವರೇ ವಾಪಸು ಕಳಿಸುತ್ತಾರೆ. ಜಾಲತಾಣ ತೆರೆದರೆ ಕ್ಯಾಲೆಂಡರಿನ ತುಂಬ ಬೂದು ಬಣ್ಣ, ಒತ್ತಲು ಒಂದು ದಿನವೂ ಖಾಲಿಯಿಲ್ಲ. ‘ಬೆಳಗಿನ ಜಾವ ನೋಡು, ಯಾರಾದರೂ ರದ್ದು ಮಾಡಿದ್ದು ಸಿಗುತ್ತೆ’ ಎಂದು ಆಫೀಸಿನಲ್ಲಿ ಒಬ್ಬರು ಹೇಳಿದರು. ನೋಡಿದೆ. ನಿದ್ದೆ ಕೆಟ್ಟಿದ್ದೇ ಲಾಭ.

ಕೊನೆಗೆ ಕಾಯ್ದೆಯನ್ನೇ ತೆಗೆದು ಓದಿದೆ. ಜರ್ಮನಿಯ ಕಾನೂನುಗಳೆಲ್ಲ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಅನುವಾದದ ಆ್ಯಪ್ ಜೊತೆಗಿಟ್ಟುಕೊಂಡರೆ ಅಷ್ಟೇನೂ ಕಷ್ಟವಿಲ್ಲ. ವಾಸ ಕಾಯ್ದೆಯ 81ನೇ ಕಲಂ ಹೇಳುವುದಿಷ್ಟು: ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿದ್ದರೆ, ಕಚೇರಿ ತೀರ್ಮಾನ ಮಾಡುವವರೆಗೆ ಹಳೆಯ ಪರವಾನಗಿಯೇ ಮುಂದುವರಿಯುತ್ತದೆ. ಕೆಲಸಕ್ಕೆ ಹೋಗುವ ಹಕ್ಕೂ ಮುಂದುವರಿಯುತ್ತದೆ. ಇದರಲ್ಲಿ ಟೆರ್ಮಿನ್ನಿನ ಮಾತೇ ಇಲ್ಲ. ಕಾನೂನು ನೋಡುವುದು ಅರ್ಜಿ ತಲುಪಿದ ತಾರೀಖನ್ನು. ಟೆರ್ಮಿನ್ ಕೊಡುವುದು ಕಚೇರಿಯ ತಾಪತ್ರಯ, ಅರ್ಜಿ ಹಾಕುವುದು ನನ್ನ ಕೆಲಸ. ಇವೆರಡನ್ನೂ ಒಂದೇ ಅಂದುಕೊಂಡು ಒದ್ದಾಡುವವರನ್ನು ಇಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಹಾಗಾಗಿ ಕಾಗದ ಬರೆದೆ. ಒಂದೇ ಪುಟ. ಹೆಸರು, ಹುಟ್ಟಿದ ತಾರೀಖು, ಈಗಿರುವ ಕಾರ್ಡಿನ ಸಂಖ್ಯೆ, ನವೀಕರಣ ಕೋರುತ್ತಿದ್ದೇನೆ ಎಂಬ ಒಂದು ವಾಕ್ಯ. ಜೊತೆಗೆ ಪಾಸ್‌ಪೋರ್ಟಿನ ನಕಲು, ಉದ್ಯೋಗದ ಕರಾರು, ಸಂಬಳದ ಚೀಟಿಗಳು, ಆರೋಗ್ಯ ವಿಮೆಯ ಪತ್ರ. ಕೊನೆಯಲ್ಲಿ, ‘ಬಾಕಿ ದಾಖಲೆ ಏನಾದರೂ ಬೇಕಿದ್ದರೆ ತಿಳಿಸಿ, ಸಲ್ಲಿಸುತ್ತೇನೆ. ತೀರ್ಮಾನ ತಡವಾಗುವುದಾದರೆ ಮಧ್ಯಂತರ ಪತ್ರ ಕೊಡಿ.’ ಈ ಮಧ್ಯಂತರ ಪತ್ರಕ್ಕೆ ಫಿಕ್ಟ್ಸಿಯೋನ್ಸ್‌ಬೆಷೈನಿಗುಂಗ್ ಎಂಬ ಉದ್ದದ ಹೆಸರಿದೆ. ಇಮೇಲ್ ಮಾಡಿದೆ, ಅದೇ ದಿನ ರಿಜಿಸ್ಟರ್ಡ್ ಅಂಚೆಯಲ್ಲೂ ಹಾಕಿದೆ. ಅಂಚೆಯ ಜಾಲತಾಣದಲ್ಲಿ ‘ತಲುಪಿದೆ’ ಎಂದು ತೋರಿಸಿದ ಪುಟವನ್ನು ಪ್ರಿಂಟ್ ತೆಗೆದು, ಕಾಗದದ ನಕಲಿನ ಬೆನ್ನಿಗೆ ಪಿನ್ ಹೊಡೆದು ಫೈಲಿಗೆ ಸೇರಿಸಿದೆ. ಕೊನೆಯ ಗಳಿಗೆಯಲ್ಲಿರುವವರಿಗೆ ಇನ್ನೊಂದು ದಾರಿಯಿದೆ. ಹಲವು ನಗರಸಭೆಗಳ ಗೋಡೆಯಲ್ಲಿ ಒಂದು ವಿಶೇಷ ಅಂಚೆಪೆಟ್ಟಿಗೆ ಇರುತ್ತದೆ. ನಡುರಾತ್ರಿ ಹನ್ನೆರಡಕ್ಕೆ ಅದರೊಳಗೆ ಒಂದು ಹಲಗೆ ತಾನಾಗಿಯೇ ಸರಿದು, ಅಲ್ಲಿವರೆಗೆ ಬಿದ್ದ ಕಾಗದಗಳನ್ನು ಆಮೇಲಿನವುಗಳಿಂದ ಬೇರೆ ಮಾಡುತ್ತದೆ. ತಾರೀಖಿನ ಮೇಲೆ ಇಲ್ಲಿಯವರಿಗೆ ಎಷ್ಟು ಭಕ್ತಿ ಎಂಬುದಕ್ಕೆ ಆ ಹಲಗೆಯೇ ಸಾಕ್ಷಿ.

ನಮ್ಮ ಎಚ್‌ಆರ್‌ನವರು ಕೇಳಲು ಶುರುಮಾಡಿದರು. ವಿದೇಶಿ ಉದ್ಯೋಗಿಯ ಪರವಾನಗಿ ಪರಿಶೀಲಿಸಿ ನಕಲು ಇಟ್ಟುಕೊಳ್ಳುವುದು ಕಂಪನಿಯ ಹೊಣೆ, ಅವರನ್ನು ದೂರುವಂತಿಲ್ಲ. ಅಂಚೆಯ ಪ್ರಿಂಟು, 81ನೇ ಕಲಮಿನ ನಾಲ್ಕನೆಯ ಉಪಕಲಂ ಎರಡನ್ನೂ ಕಳಿಸಿದೆ. ಮಧ್ಯಂತರ ಪತ್ರ ಬರುವವರೆಗೆ ಅವರಿಗೆ ಅಷ್ಟೇ ಸಾಕಾಯಿತು. ಆ ಪತ್ರ ಕೈಗೆ ಬಂದಾಗ ಯಾವ ಉಪಕಲಮಿನ ಮುಂದೆ ಗುರುತು ಹಾಕಿದ್ದಾರೆ ನೋಡಿಕೊಳ್ಳಿ. ನಾಲ್ಕಕ್ಕೆ ಹಾಕಿದ್ದರೆ ದೇಶದ ಹೊರಗೆ ಹೋಗಿ ವಾಪಸು ಬರಬಹುದು, ಮೂರಕ್ಕೆ ಹಾಕಿದ್ದರೆ ಅದನ್ನೇ ನೆಚ್ಚಿಕೊಂಡು ವಿಮಾನ ಹತ್ತುವ ಹಾಗಿಲ್ಲ.

ಪತ್ರವೇನೋ ಬಂತು, ಕಾರ್ಡು ಬರಲಿಲ್ಲ. ತಿಂಗಳುಗಳು ಸರಿದವು. ‘ಫೋನ್ ಮಾಡಿ ಸ್ವಲ್ಪ ಜೋರು ಮಾಡು’ ಅಂದರು ಮನೆಯವರು.

‘ಅಲ್ಲಿ ಫೋನ್ ಎತ್ತುವವರು ಯಾರಿದಾರೆ ರೀ? ಎತ್ತಿದರೂ ಗಾಳಿಗೆ ಹೇಳಿದ ಹಾಗೆ. ಬರೆದೇ ಹಾಕ್ತೀನಿ.’

ಆಡಳಿತ ನ್ಯಾಯಾಲಯಗಳ ಕಾಯ್ದೆಯ 75ನೇ ಕಲಮಿನ ಪ್ರಕಾರ, ಅರ್ಜಿ ಹಾಕಿ ಮೂರು ತಿಂಗಳಾದರೂ ತಕ್ಕ ಕಾರಣವಿಲ್ಲದೆ ಕಚೇರಿ ಸುಮ್ಮನಿದ್ದರೆ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದು. ಅದನ್ನೇ ಬರೆದೆ: ‘ನನ್ನ ಅರ್ಜಿ ಇಂಥ ತಾರೀಖಿಗೆ ನಿಮಗೆ ತಲುಪಿದೆ. ಇಂಥ ತಾರೀಖಿನೊಳಗೆ ತೀರ್ಮಾನ ತಿಳಿಸಿ. ಇಲ್ಲವಾದರೆ 75ನೇ ಕಲಮಿನಂತೆ ಮುಂದುವರಿಯುವ ಹಕ್ಕು ನನಗಿದೆ.’ ಎಷ್ಟು ಕಷ್ಟಪಟ್ಟೆ, ಎಷ್ಟು ಸಲ ಅಲೆದೆ ಎಂಬುದನ್ನೆಲ್ಲ ಮೊದಲ ಕರಡಿನಲ್ಲಿ ತುಂಬಿದ್ದೆ, ಆಮೇಲೆ ಪೂರ್ತಿ ಹೊಡೆದುಹಾಕಿದೆ. ಗೋಳು ಕಡತಕ್ಕೆ ಸೇರುವುದಿಲ್ಲ, ತಾರೀಖು ಸೇರುತ್ತದೆ. ಬೆರಳಚ್ಚಿಗೆ ಬರಲು ಹೇಳಿ ಅವರೇ ಸಮಯ ಗೊತ್ತುಮಾಡಿ ಕಾಗದ ಕಳಿಸಿದರು. ಕೋರ್ಟಿನ ಮೆಟ್ಟಿಲು ಹತ್ತುವ ಪ್ರಮೇಯ ಬರಲಿಲ್ಲ. ಕೌಂಟರಿನಲ್ಲಿ ಕೂತಿದ್ದಾಕೆ ನನ್ನ ಕಾಗದವನ್ನು ಕಡತದಲ್ಲೇ ಇಟ್ಟುಕೊಂಡಿದ್ದರು, ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ. ನಮ್ಮಲ್ಲಾದರೆ ಇಂಥ ಕಾಗದ ಬರೆದವರನ್ನು ಕೆಕ್ಕರಿಸಿ ನೋಡುತ್ತಾರೆ. ಇಲ್ಲಿ ಅದು ಮಾಮೂಲಿ ವ್ಯವಹಾರ.

ಹೊಸದಾಗಿ ಬರುವವರಿಗೆ ಇದಕ್ಕೂ ಮೊದಲಿನದೊಂದು ಸುಳಿ ಕಾದಿರುತ್ತದೆ. ಮನೆ ಸಿಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಮಾಲೀಕರಿಗೆ ಇಲ್ಲಿನ ಬ್ಯಾಂಕ್ ಖಾತೆ ಬೇಕು, ಬ್ಯಾಂಕಿಗೆ ನೋಂದಣಿಯ ಪತ್ರ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಈ ಸುಳಿಯಿಂದ ನನ್ನನ್ನು ಎತ್ತಿದ್ದು ‘ಬಾಸಿಸ್‌ಕೊಂಟೊ’ ಎಂಬ ಸಾದಾ ಖಾತೆ. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ಇರುವವರಿಗೆಲ್ಲ, ಕಾಯಂ ವಿಳಾಸ ಇಲ್ಲದಿದ್ದರೂ, ಈ ಖಾತೆಯ ಹಕ್ಕಿದೆ. ಜರ್ಮನಿಯಲ್ಲಿ ಇದು 2016ರಿಂದ ಜಾರಿಯಲ್ಲಿದೆ. ಪೂರ್ತಿ ಅರ್ಜಿ ಸಿಕ್ಕ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಖಾತೆ ಕೊಡಬೇಕು. ‘ಖಾತೆ ತೆರೆಯಬೇಕು’ ಎಂದಷ್ಟೇ ಕೇಳಿದರೆ ‘ವಿಳಾಸ ಬರಲಿ’ ಅನ್ನುತ್ತಾರೆ. ಬಾಸಿಸ್‌ಕೊಂಟೊ ಅರ್ಜಿ ನಮೂನೆ ಕೊಡಿ ಎಂದು ಹೆಸರು ಹಿಡಿದು ಕೇಳಬೇಕು.

ಇನ್ನು ಹೆಸರು. ನಮ್ಮವರಲ್ಲಿ ಹಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಅಥವಾ ಅಪ್ಪನ ಹೆಸರು, ಊರ ಹೆಸರು ಎಲ್ಲ ಗಿವನ್ ನೇಮಿನಲ್ಲೇ ಇರುತ್ತವೆ. ಇಲ್ಲಿನ ಕಂಪ್ಯೂಟರಿಗೆ ಖಾಲಿ ಜಾಗ ಆಗಿಬರುವುದಿಲ್ಲ. ಒಂದು ಕಚೇರಿ ನನ್ನ ಹೆಸರನ್ನೇ ಮನೆತನದ ಹೆಸರು ಮಾಡಿತು, ವಿಮೆಯವರು ಅಪ್ಪನ ಹೆಸರು ಹಿಡಿದರು, ಮತ್ತೊಬ್ಬರು ಎರಡನ್ನೂ ಸೇರಿಸಿ ಒಂದೇ ಪದವಾಗಿಸಿದರು. ನೋಡಲು ತಮಾಷೆ, ಆದರೆ ಇಲ್ಲಿ ಅಂಚೆಯವರು ಮನೆ ನಂಬರು ನೋಡಿ ಕಾಗದ ಹಾಕುವುದಿಲ್ಲ. ಪೆಟ್ಟಿಗೆಯ ಮೇಲೆ ಆ ಹೆಸರಿರಬೇಕು, ಇಲ್ಲದಿದ್ದರೆ ಕಾಗದ ಕಳಿಸಿದವರಿಗೇ ವಾಪಸು. 11 ಅಂಕಿಯ ತೆರಿಗೆ ಸಂಖ್ಯೆ ಬರುವುದೂ ಹೀಗೆ ಅಂಚೆಯಲ್ಲೇ. ಅದಿಲ್ಲದೆ ಸಂಬಳದಿಂದ ಆರನೇ ವರ್ಗದ, ಅಂದರೆ ಅತಿ ಹೆಚ್ಚಿನ ದರದ, ತೆರಿಗೆ ಕಡಿತವಾದರೆ ಆ ತಿಂಗಳು ಕೈಗೆ ಸಿಗುವುದನ್ನು ನೋಡಲಾಗುವುದಿಲ್ಲ. ಹಾಗಾಗಿ ನಮ್ಮ ಪೆಟ್ಟಿಗೆಯ ಮೇಲೆ ಅಂಗೈಯಗಲದ ಚೀಟಿಯಲ್ಲಿ ನನ್ನ ಹೆಸರಿನ ಎಲ್ಲ ಅವತಾರಗಳನ್ನೂ ಒಂದರ ಕೆಳಗೊಂದು ಬರೆದು ಟೇಪ್ ಅಂಟಿಸಿದೆವು. ‘ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಜನ?’ ಎಂದು ಅಂಚೆಯಾಕೆ ಕೇಳಿದ್ದರು. ಆಮೇಲೆ ವಿಳಾಸ ನೋಂದಣಿಯ ಪತ್ರವನ್ನೇ ಆಧಾರವಾಗಿಟ್ಟುಕೊಂಡು, ಅದರಲ್ಲಿ ಹೇಗಿದೆಯೋ ಹಾಗೆಯೇ ಅಕ್ಷರಕ್ಕೆ ಅಕ್ಷರ ತಿದ್ದಿ ಎಂದು ಉಳಿದವರಿಗೆಲ್ಲ ಬರೆದೆ. ಯಾವುದು ಸರಿ, ಯಾವುದು ತಪ್ಪು ಎಂದು ವಾದಿಸಲು ಹೋಗಲಿಲ್ಲ, ಎಲ್ಲ ಕಡೆ ಒಂದೇ ಇದ್ದರೆ ಸಾಕಿತ್ತು.

ಟಿ.ವಿ. ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕೇಳುವ ಕಾಗದವೂ ನೋಂದಣಿಯ ಬೆನ್ನಿಗೇ ಬರುತ್ತದೆ. ಮೋಸದ ಕಾಗದ ಎಂದು ಹರಿಯಬೇಡಿ. ಮನೆಯಲ್ಲಿ ಬೇರೊಬ್ಬರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕದ ಸಂಖ್ಯೆ ಬರೆದು ಕಳಿಸಿದರಾಯಿತು.

ನಿಜವಾದ ಪರೀಕ್ಷೆ ಮಗಳು ಹುಟ್ಟಿದಾಗ. ಆಸ್ಪತ್ರೆಯವರು ವಾರದೊಳಗೆ ಜನನ ನೋಂದಣಿ ಕಚೇರಿಗೆ ತಿಳಿಸಿದರು. ಕಚೇರಿ ನಮ್ಮಿಬ್ಬರ ಜನನ ಪತ್ರ, ಮದುವೆಯ ಪತ್ರ ಕೇಳಿತು. ಕೊಟ್ಟೆವು, ಅಪೋಸ್ಟಿಲ್ ಮುದ್ರೆ ಹೊಡೆಸಿಕೊಂಡೇ ಬಂದಿದ್ದೆವು. ದಾಖಲೆ ಅಸಲಿ ಎಂದು ಬೇರೆ ದೇಶಗಳಿಗೆ ತೋರಿಸಲು ಒಂದು ಅಂತರರಾಷ್ಟ್ರೀಯ ಒಪ್ಪಂದದಂತೆ ಹಾಕುವ ಮುದ್ರೆ ಅದು. ಕೌಂಟರಿನವರು ಅದನ್ನು ಪಕ್ಕಕ್ಕೆ ಸರಿಸಿದರು.

‘ಭಾರತದ ಅಪೋಸ್ಟಿಲನ್ನು ಜರ್ಮನಿ ಒಪ್ಪುವುದಿಲ್ಲ.’

‘ಭಾರತ ಆ ಒಪ್ಪಂದದಲ್ಲಿ ಇದೆಯಲ್ಲ?’

‘ಇದೆ. ಭಾರತದ ಸೇರ್ಪಡೆಗೆ ಜರ್ಮನಿಯ ಆಕ್ಷೇಪವೂ ಇದೆ.’

ಅವರು ಹೇಳಿದ್ದು ಸರಿ. ಭಾರತದ ಮಟ್ಟಿಗೆ ಒಪ್ಪಂದ 2005ರಲ್ಲಿ ಜಾರಿಗೆ ಬಂದರೂ ಜರ್ಮನಿಯ ಆಕ್ಷೇಪದಿಂದ ಈ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ಬದಲಿಗೆ ಭಾರತದಲ್ಲಿರುವ ಜರ್ಮನ್ ದೂತಾವಾಸದ ಮೂಲಕ ‘ದಾಖಲೆ ಪರಿಶೀಲನೆ’ ಆಗಬೇಕು. ದೂತಾವಾಸ ಗೊತ್ತುಮಾಡಿದ ವಕೀಲರು ನಮ್ಮ ಊರಿನ ನೋಂದಣಿ ಕಚೇರಿಗೇ ಹೋಗಿ ರಿಜಿಸ್ಟರಿನಲ್ಲಿ ನಮ್ಮ ಹೆಸರಿದೆಯೇ ಎಂದು ನೋಡಿ ಬರುತ್ತಾರೆ. ಖರ್ಚು ನಮ್ಮದು, ಸಮಯ ತಿಂಗಳುಗಟ್ಟಲೆ. ಅಲ್ಲಿವರೆಗೆ ಜನನ ಪ್ರಮಾಣಪತ್ರ ಇಲ್ಲ. ನಮಗೆ ಕೊಟ್ಟಿದ್ದು ರಿಜಿಸ್ಟರಿನ ದೃಢೀಕೃತ ಪ್ರತಿ. ತಂದೆ ತಾಯಿಯ ಹೆಸರಿನ ಕೆಳಗೆ ‘ಗುರುತು ಸಾಬೀತಾಗಿಲ್ಲ’ ಎಂಬ ಟಿಪ್ಪಣಿ. ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಅದನ್ನು ಓದಿದೆ.

‘ಹೆತ್ತವಳು ಯಾರು ಅನ್ನೋದೇ ಗ್ಯಾರಂಟಿ ಇಲ್ವಂತೆ ಇವರಿಗೆ’ ಅಂದೆ.

‘ಅಪ್ಪನ ವಿಷಯದಲ್ಲಿ ಅಂದ್ರೂ ಒಂದು ಮಾತು’ ಅಂದರು ಇವರು.

ನಕ್ಕೆವು ನಿಜ, ಆದರೆ ಈ ಟಿಪ್ಪಣಿಯ ಹಿಂದೆ ದುಡ್ಡಿನ ಪ್ರಶ್ನೆಯಿತ್ತು. ಎಲ್ಟರ್ನ್‌ಗೆಲ್ಡ್ ಎಂಬ ಪೋಷಕರ ಭತ್ಯೆ ತಿಂಗಳಿಗೆ ಗರಿಷ್ಠ 1800 ಯೂರೋ. ತಡವಾಗಿ ಅರ್ಜಿ ಹಾಕಿದರೆ ಹಿಂದಿನ ಮೂರು ತಿಂಗಳ ಬಾಬ್ತು ಮಾತ್ರ ಸಿಗುತ್ತದೆ. ಮಕ್ಕಳ ಭತ್ಯೆಗೆ ಆ ಮಿತಿ ಆರು ತಿಂಗಳು. ಪ್ರಮಾಣಪತ್ರ ಬರಲಿ, ಆಮೇಲೆ ಹಾಕೋಣ ಎಂದು ಕಾದಿದ್ದರೆ ಒಂದಷ್ಟು ತಿಂಗಳಿನದು ಕೈಬಿಟ್ಟು ಹೋಗುತ್ತಿತ್ತು. ನಾವು ನಮೂನೆ ತುಂಬಿ, ಇಬ್ಬರೂ ಸಹಿ ಹಾಕಿ, ಆ ಟಿಪ್ಪಣಿಯಿದ್ದ ಪ್ರತಿಯನ್ನೇ ಲಗತ್ತಿಸಿ, ‘ಜನನ ಪ್ರಮಾಣಪತ್ರ ನಂತರ ಸಲ್ಲಿಸಲಾಗುವುದು, ದಾಖಲೆ ಪರಿಶೀಲನೆ ನಡೆದಿದೆ’ ಎಂದು ಬರೆದು ಕಳಿಸಿದೆವು. ಭತ್ಯೆಯ ಕಚೇರಿ ಆ ಪ್ರತಿಯನ್ನೇ ಒಪ್ಪಿಕೊಂಡಿತು. ಒಪ್ಪದಿದ್ದರೂ ಅರ್ಜಿಯ ತಾರೀಖು ನಮ್ಮದಾಗಿರುತ್ತಿತ್ತು.

ಪರಿಶೀಲನೆಗೆ ಕಳಿಸುವಾಗ ಅನುವಾದವೂ ಬೇಕಾಯಿತು. ಯಾರೋ ಮಾಡಿಕೊಟ್ಟ ಅನುವಾದ ನಡೆಯುವುದಿಲ್ಲ, ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿದ ಅನುವಾದಕರೇ ಆಗಬೇಕು. ಅವರ ಪಟ್ಟಿ ನ್ಯಾಯಾಂಗ ಇಲಾಖೆಗಳ ಜಾಲತಾಣದಲ್ಲಿದೆ. ಕನ್ನಡ ಬಲ್ಲವರು ಸಿಗುವುದು ಅಪರೂಪ. ನಮ್ಮ ಪತ್ರಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷೂ ಇದ್ದದ್ದರಿಂದ ಇಂಗ್ಲಿಷಿನ ಅನುವಾದಕರಿಂದಲೇ ಕೆಲಸವಾಯಿತು.

ಕಚೇರಿಯಿಂದ ತೀರ್ಮಾನದ ಕಾಗದ ಬಂದರೆ ನಾನು ಕೊನೆಯ ಪುಟದಿಂದ ಓದುತ್ತೇನೆ. ಒಪ್ಪಿಗೆಯಾಗದಿದ್ದರೆ ಎಲ್ಲಿಗೆ, ಎಷ್ಟು ದಿನದೊಳಗೆ ಬರೆಯಬೇಕು ಎಂಬುದು ಅಲ್ಲಿರುತ್ತದೆ. ಸಾಮಾನ್ಯವಾಗಿ ಒಂದು ತಿಂಗಳು. ಆ ಸೂಚನೆಯನ್ನೇ ಹಾಕಲು ಮರೆತಿದ್ದರೆ ನಮಗೆ ಒಂದು ವರ್ಷ. ಸಾದಾ ಅಂಚೆಯ ಕಾಗದ, ಹಾಕಿದ ನಾಲ್ಕನೆಯ ದಿನ ತಲುಪಿತೆಂದು ಲೆಕ್ಕ. 2025ಕ್ಕೆ ಮೊದಲು ಮೂರನೆಯ ದಿನವಿತ್ತು. ತಲುಪಿದ್ದಕ್ಕೆ ದಾಖಲೆ ಬೇಕಾದಾಗ ಕಚೇರಿಗಳು ಕಳಿಸುವ ಹಳದಿ ಲಕೋಟೆಯಾದರೆ ಆ ಲೆಕ್ಕವಿಲ್ಲ. ಪೆಟ್ಟಿಗೆಗೆ ಹಾಕಿದ ತಾರೀಖನ್ನು ಅಂಚೆಯವರು ಲಕೋಟೆಯ ಮೇಲೇ ಪೆನ್ನಿನಲ್ಲಿ ಬರೆದಿರುತ್ತಾರೆ, ಗಡುವು ಓಡುವುದು ಅಂದಿನಿಂದ. ಹಾಗಾಗಿ ಆ ಲಕೋಟೆಯನ್ನು ಬಿಸಾಡಬಾರದು. ನನ್ನ ತೆರಿಗೆಯ ಒಂದು ತೀರ್ಮಾನದಲ್ಲಿ ಮನೆ ಬದಲಿಸಿದ ಖರ್ಚನ್ನು ತೆಗೆದುಹಾಕಿದ್ದರು. ಆಕ್ಷೇಪದ ಕಾಗದ ಎರಡೇ ಸಾಲು: ಒಪ್ಪಿಗೆಯಿಲ್ಲ, ಕಾರಣ ಮುಂದೆ ತಿಳಿಸುತ್ತೇನೆ. ಗಡುವು ಉಳಿಯಿತು. ರಸೀದಿಗಳನ್ನು ನಿಧಾನವಾಗಿ ಹೊಂದಿಸಿ ಕಳಿಸಿದೆ, ತಿದ್ದಿ ಕೊಟ್ಟರು.

ಇಲ್ಲಿ ಹುಟ್ಟಿದ ಮಗುವಿಗೂ ವಾಸದ ಪರವಾನಗಿ ಬೇಕು, ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಮಗಳ ಭಾರತೀಯ ಪಾಸ್‌ಪೋರ್ಟು ಇನ್ನೂ ಬಂದಿರಲಿಲ್ಲ. ಆದರೂ ವಿದೇಶಿಯರ ಕಚೇರಿಗೆ ಅವಳ ಹೆಸರಿನಲ್ಲಿ ಅರ್ಜಿ ಕಳಿಸಿದೆ, ‘ಪಾಸ್‌ಪೋರ್ಟ್ ನಂತರ ಸಲ್ಲಿಸಲಾಗುವುದು’ ಎಂಬ ಸಾಲು ಸೇರಿಸಿ. ಅರ್ಜಿ ತಲುಪಿದೆ, ಮುಂದಿನ ಪತ್ರಗಳಲ್ಲಿ ಈ ಕಡತದ ಸಂಖ್ಯೆ ನಮೂದಿಸಿ ಎಂದು ಉತ್ತರ ಬಂದಿದೆ. ಪಾಸ್‌ಪೋರ್ಟ್ ಬಂದ ದಿನವೇ ಆ ಸಂಖ್ಯೆ ಹಾಕಿ ನಕಲು ಕಳಿಸುವುದು ಬಾಕಿ.