ಭಾನುವಾರದ ಎಲ್ಎಲ್ಆರ್ ಟೇಬಲ್

ಮೈಕ್ ಹಿಡಿದು ಭಾಷಣ ಮಾಡೋದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಡ್ರಗ್ಸ್ ಬೇಡ, ಹೆಲ್ಮೆಟ್ ಹಾಕಿ, ಮೊಬೈಲ್ ಜಾಸ್ತಿ ನೋಡಬೇಡಿ. ಕೊನೆಗೆ ಪ್ರತಿಜ್ಞೆ, ಫೋಟೋ, ಮೇಲಿನವರಿಗೆ ವರದಿ. ಒಂದು ಪಿಯು ಕಾಲೇಜಿನಲ್ಲಿ ಹೀಗೆ ಮುಗಿಸಿ ಗೇಟಿಗೆ ಬಂದರೆ, ಪ್ರತಿಜ್ಞೆ ಓದಿಸಿದ ಹುಡುಗನೇ ಹೆಲ್ಮೆಟ್ ಇಲ್ಲದೆ ಇಬ್ಬರನ್ನು ಹಿಂದೆ ಕೂರಿಸಿಕೊಂಡು ನನ್ನ ಮುಂದೆಯೇ ಹೋದ. ಕೈ ಬೇರೆ ಬೀಸಿದ.

ನಾನು ತಾಲ್ಲೂಕು ಕೇಂದ್ರವೊಂದರ ಪೊಲೀಸ್ ಠಾಣೆಯಲ್ಲಿ ಎಎಸ್ಐ, ಅಂದರೆ ಸಹಾಯಕ ಸಬ್ ಇನ್‌ಸ್ಪೆಕ್ಟರ್. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಅವರು ಕನಿಷ್ಠ ಎಎಸ್ಐ ಆಗಿರಬೇಕು. ಬಂದೋಬಸ್ತ್, ಸಮನ್ಸ್, ಕೋರ್ಟ್ ಡ್ಯೂಟಿ ಜೊತೆಗೆ ಇದೂ ನನ್ನ ತಲೆಗೆ ಬಂತು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹದಿನೈದರ ಹುಡುಗನೊಬ್ಬ ಅಂಗಡಿಯಿಂದ ಮೊಬೈಲ್ ಎತ್ತಿದ್ದ. ನಾನು ಯೂನಿಫಾರ್ಮಿನಲ್ಲೇ ಹೋಗಿ, ಬೀದಿಯವರೆಲ್ಲ ನೋಡುತ್ತಿರುವಾಗ ಜೀಪ್ ಹತ್ತಿಸಿದೆ. ಹೊಡೆಯಲಿಲ್ಲ, ಲಾಕಪ್ಪಿಗೆ ಹಾಕಲಿಲ್ಲ. ಇಂಥ ಸಣ್ಣ ಅಪರಾಧಕ್ಕೆ ಮಕ್ಕಳ ಮೇಲೆ ಎಫ್ಐಆರ್ ಹಾಕುವಂತಿಲ್ಲ. ಠಾಣೆಯ ಡೈರಿಯಲ್ಲಿ ಬರೆದು, ಮನೆ ಪರಿಸ್ಥಿತಿಯ ವರದಿ ಜೊತೆ ಬಾಲ ನ್ಯಾಯ ಮಂಡಳಿಗೆ ಕಳಿಸಿದೆ. ಎಲ್ಲ ಸರಿಯಾಗಿ ಮಾಡಿದೆ ಅಂದುಕೊಂಡಿದ್ದೆ. ತಿಂಗಳಾದ ಮೇಲೆ ಅವನ ಮೇಷ್ಟ್ರು ಸಿಕ್ಕರು. ಹುಡುಗ ಶಾಲೆ ಬಿಟ್ಟಿದ್ದ. ಓರಗೆಯ ಹುಡುಗರು ಅವನಿಗೆ 'ಜೀಪು' ಅಂತ ಹೆಸರಿಟ್ಟಿದ್ದರಂತೆ. ಮಕ್ಕಳ ಹತ್ತಿರ ಹೋಗುವಾಗ ಮಾಮೂಲಿ ಬಟ್ಟೆಯಲ್ಲಿ ಹೋಗಬೇಕು ಅಂತ ನಿಯಮ ಇದೆ. ತರಬೇತಿಯಲ್ಲಿ ಕೇಳಿದ್ದೆ, ಬರೆದೂ ಕೊಂಡಿದ್ದೆ.

ಅವನು ಸೋದರಮಾವನ ಪಂಚರ್ ಅಂಗಡಿಯಲ್ಲಿ ಕೂರುತ್ತಿದ್ದ. ನಾನು ಸಂಜೆ ಹೊತ್ತು ಪ್ಯಾಂಟು ಶರ್ಟು ಹಾಕಿ, ನನ್ನದೇ ಬೈಕಿನಲ್ಲಿ ಅಲ್ಲಿಗೆ ಹೋಗತೊಡಗಿದೆ. ಗಾಳಿ ಹಿಡಿಸೋದು ನೆಪ. ಮೊದಲ ಹದಿನೈದು ದಿನ ನಾನು ಬಂದರೆ ಹುಡುಗರೆಲ್ಲ ಎದ್ದು ಹೋಗುತ್ತಿದ್ದರು. ಆಮೇಲೆ ಒಬ್ಬ ಕೇಳಿದ: "ಸರ್, ಹದಿನೇಳು ವರ್ಷದವನು ಗಾಡಿ ಓಡಿಸಿ ಸಿಕ್ಕಿಬಿದ್ರೆ ಅಪ್ಪನಿಗೆ 25,000 ದಂಡ ಅಂತೆ, ಹೌದಾ?" ಹೌದು, ಜೈಲೂ ಆಗಬಹುದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಸಿಗಲ್ಲ ಅಂದೆ. ಮುಖಗಳು ಸಪ್ಪಗಾದವು. ವಿಚಾರಿಸಿದರೆ ಹದಿನೆಂಟು ದಾಟಿದವರ ಹತ್ತಿರವೂ ಲೈಸೆನ್ಸ್ ಇಲ್ಲ. "ಬ್ರೋಕರ್ ಜಾಸ್ತಿ ಕೇಳ್ತಾನೆ ಸರ್."

ಅಲ್ಲಿಂದ ಶುರುವಾಯ್ತು ನೋಡಿ. ಭಾನುವಾರ ಬೆಳಿಗ್ಗೆ ಠಾಣೆಯ ವರಾಂಡದಲ್ಲಿ ಒಂದು ಟೇಬಲ್ ಹಾಕಿದೆ. ನಮ್ಮ ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ಲೈಸೆನ್ಸಿನ ಸಾರಥಿ ಪೋರ್ಟಲ್‌ನಲ್ಲಿ ಎಲ್ಎಲ್ಆರ್, ಅಂದರೆ ಕಲಿಯುವವರ ಲೈಸೆನ್ಸಿನ ಅರ್ಜಿ ತುಂಬಿಕೊಡುತ್ತಿದ್ದರು. ಮೊದಲ ವಾರ ಬಂದವರು ಮೂರೇ ಜನ. ಮೂವರೂ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದರು. ಸೆಂಟ್ರಿ ನಕ್ಕ. ನನಗೆ ನಗು ಬರಲಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಬೆಂಚು ಸಾಲಲಿಲ್ಲ. ಅರ್ಧ ಜನರ ಆಧಾರ್‌ನಲ್ಲಿ ಹುಟ್ಟಿದ ದಿನವೇ ತಪ್ಪು, ಅದನ್ನು ಸರಿಮಾಡಿಸೋದೇ ಒಂದು ಕೆಲಸ. "ಇದೇನ್ರೀ, ಸ್ಟೇಷನ್ನಾ ಆರ್‌ಟಿಓ ಆಫೀಸಾ?" ಅಂತ ಮೇಲಿನವರೊಬ್ಬರು ಕೇಳಿದರು. ಸುಮ್ನೆ ನಿಂತಿದ್ದೆ.

ಇಲಾಖೆಯ 'ತೆರೆದ ಮನೆ' ಕಾರ್ಯಕ್ರಮವನ್ನೂ ಮಾಡುತ್ತೇವೆ. ಶಾಲೆ ಮಕ್ಕಳು ಠಾಣೆ ನೋಡಲು ಬರುತ್ತಾರೆ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098 ಅಂತ ನಂಬರ್ ಹೇಳಿಕೊಡುತ್ತೇವೆ, ಅವರಿಗೆ ಬೇಕಿರೋದು ಕೈಕೋಳ ಮತ್ತು ಲಾಕಪ್. ಲಾಕಪ್ಪಿನಲ್ಲಿ ಫ್ಯಾನ್ ಯಾಕಿಲ್ಲ ಅಂತ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ಅಷ್ಟು ಸಣ್ಣ ಮಗುವಿಗೆ ಏನಂತ ಹೇಳೋದು? ವೈರ್‌ಲೆಸ್ ಸೆಟ್ ತೋರಿಸಲು ಕರೆದುಕೊಂಡು ಹೋದೆ.

ಟೇಬಲ್ ಹಾಕಿದ್ದಕ್ಕೆ ಏನು ಸಿಕ್ಕಿತು ಅಂತ ಕೇಳಿದರೆ ಒಂದು ಭಾನುವಾರದ ವಿಷಯ ಹೇಳುತ್ತೇನೆ. ಎಲ್ಲರೂ ಹೋದ ಮೇಲೂ ಹತ್ತೊಂಬತ್ತರ ಒಬ್ಬ ಹುಡುಗ ನಿಂತೇ ಇದ್ದ. ಫೋನ್ ತೆಗೆದು ಟೆಲಿಗ್ರಾಂ ಮೆಸೇಜ್ ತೋರಿಸಿದ. ಬ್ಯಾಂಕ್ ಅಕೌಂಟ್ ತೆಗೆದು ಎಟಿಎಂ ಕಾರ್ಡು, ಸಿಮ್ ಕೊಟ್ಟರೆ 5,000 ರೂಪಾಯಿ. "ಇದರಲ್ಲಿ ತಪ್ಪೇನಿದೆ ಸರ್?" ಅಂದ. ಯಾರದೋ ಮನೆಯಿಂದ ಮೋಸ ಮಾಡಿ ಎತ್ತಿದ ದುಡ್ಡು ಆ ಅಕೌಂಟಿಗೆ ಬಂದು ಹೋಗುತ್ತದೆ. ಬೇರೆ ರಾಜ್ಯದ ಪೊಲೀಸರು ಅಕೌಂಟಿನ ಹೆಸರು ಹಿಡಿದು ಮೊದಲು ಬರೋದು ನಿನ್ನ ಮನೆಗೆ ಅಂದೆ. ಸ್ವಲ್ಪ ಹೊತ್ತು ನೆಲ ನೋಡಿದ. "ನಾನು ಕೊಟ್ಟಿಲ್ಲ ಸರ್. ನಮ್ಮಣ್ಣ ಕೊಟ್ಟಿದಾನೆ."

ಮಾರನೇ ದಿನ ಬ್ಯಾಂಕ್ ತೆರೆಯುವ ಹೊತ್ತಿಗೆ ಅಣ್ಣತಮ್ಮಂದಿರು ಬಾಗಿಲಲ್ಲಿದ್ದರು. ನಾನು ಚೆಕ್ಸ್ ಶರ್ಟು ಹಾಕಿಕೊಂಡು, ಬೈಕನ್ನು ಎರಡು ಅಂಗಡಿ ಆಚೆ ನಿಲ್ಲಿಸಿ ಹೋದೆ. ಕಾರ್ಡು, ಅಕೌಂಟು ಎರಡನ್ನೂ ನಿಲ್ಲಿಸಿದೆವು. ಅಣ್ಣನ ಕೈಲಿ ನಡೆದದ್ದನ್ನೆಲ್ಲ ಬರೆಸಿ ದೂರು ಕೊಡಿಸಿದೆ. ಅವನಿಗೆ ಮುಂದೆ ನೋಟಿಸ್ ಬರಬಹುದು, ಬರಲ್ಲ ಅಂತ ನಾನು ಸುಳ್ಳು ಹೇಳಲಿಲ್ಲ.

'ಜೀಪು' ಮಾತ್ರ ಠಾಣೆಗೆ ಇನ್ನೂ ಬಂದಿಲ್ಲ. ನನ್ನ ಬೈಕಿಗೆ ಗಾಳಿ ಹಿಡಿಯುತ್ತಾನೆ, ಮಾತಾಡಲ್ಲ, ದುಡ್ಡು ಕೊಟ್ಟರೆ ಚಿಲ್ಲರೆ ಸರಿಯಾಗಿ ಎಣಿಸಿ ಕೊಡುತ್ತಾನೆ. ಬರುವ ತಿಂಗಳು ಅವನಿಗೆ 18. ಎಲ್ಎಲ್ಆರ್‌ಗೆ ಏನೇನು ತರಬೇಕು ಅಂತ ಮೊನ್ನೆ ಅವನ ಮಾವ ಕೇಳಿದರು.